ಶೇಷಪ್ಪನ ಮೂಗಿನ ಮೇಲೆ ನಮ್ಮನೆ ಕನ್ನಡಕ

ನಮ್ಮ ಮನೆಯಲ್ಲಿ ಈಗ ಮೂರು ಕನ್ನಡಕಗಳಿವೆ. ಒಂದು ನನ್ನದು, ಎರಡು ನಮ್ಮ ಯಜಮಾನರದು. ಮೂರನ್ನೂ ಹುಡುಕಿಕೊಡುವ ಕೆಲಸ ಮಾತ್ರ ನನ್ನೊಬ್ಬಳದು. ಮೊನ್ನೆ ನನ್ನದನ್ನು ಹುಡುಕುತ್ತಾ ಟೀವಿ ಇಟ್ಟ ಮೇಜಿನ ಡ್ರಾಯರ್ ಎಳೆದೆ. ಸತ್ತ ರಿಮೋಟು, ಯಾವ ಫೋನಿಗೂ ಹೊಂದದ ಚಾರ್ಜರು, ಮದುವೆಮನೆಗಳಲ್ಲಿ ಕೊಟ್ಟ ಕುಂಕುಮದ ಡಬ್ಬಿಗಳು, ಇವುಗಳ ಮಧ್ಯೆ ಯಜಮಾನರ ಫ್ರೇಮಿಲ್ಲದ ಕನ್ನಡಕ ಸಿಕ್ಕಿತು. ಬರೀ ಎರಡು ಗಾಜು, ಎರಡು ಕಡ್ಡಿ. ಅದನ್ನು ಅವರು ಹಾಕಿಕೊಂಡು ಓಡಾಡಿದ್ದು ಕೆಲವೇ ತಿಂಗಳು. ಎಷ್ಟು ಹಗುರವೆಂದರೆ, ಮೂಗಿನ ಮೇಲೆ ಇದೆಯೋ ಬಿದ್ದುಹೋಯಿತೋ ಎಂದು ದಿನವೆಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಇದನ್ಯಾಕೆ ಇನ್ನೂ ಇಟ್ಕೊಂಡಿದೀಯ? ಯಾರಿಗಾದ್ರೂ ಕೊಟ್ಬಿಡು" ಅಂದರು.

"ಒಂದ್ಸಲ ಕನ್ನಡಕ ಕೊಟ್ಟು ಪಟ್ಟ ಪಾಡು ಸಾಲ್ದಾ?" ಅಂದೆ. ಅವರು ಪೇಪರಿನೊಳಕ್ಕೆ ಮುಖ ಹುದುಗಿಸಿಕೊಂಡರು.

ಆ ಪಾಡು ಏನೆಂದು ಹೇಳುತ್ತೇನೆ. ಆದರೆ ನನ್ನ ಮಾತು ಎಲ್ಲ ಸ್ಟಾಪಿನಲ್ಲೂ ನಿಂತು ಬರುವ ಹಳ್ಳಿ ಬಸ್ಸು. ಹತ್ತಿದ ಮೇಲೆ ಬೈದುಕೊಳ್ಳಬೇಡಿ.

ನನ್ನ ತವರು ಅರಿಶಿನಕುಂಟೆ. ಈಗ ಹೈವೇ ಪಕ್ಕ ಲಾರಿಗಳ ಸದ್ದಿಗೆ ಎದುರಿನವರ ಮಾತು ಕೇಳಿಸದ ಊರು. ನಾನು ಲಂಗ ಹಾಕುತ್ತಿದ್ದ ಕಾಲಕ್ಕೆ ನಮ್ಮ ಬೀದಿಗೆಲ್ಲ ಕನ್ನಡಕದವರು ಇಬ್ಬರೇ. ಒಬ್ಬರು ಹೆಡ್ಮಾಸ್ತರು, ಇನ್ನೊಬ್ಬರು ನಮ್ಮ ತಾತ. ಹೆಡ್ಮಾಸ್ತರು ಓದುವುದಕ್ಕೆ ಹಾಕುತ್ತಿದ್ದರು. ತಾತನಿಗೆ ಓದು ಬರುತ್ತಿರಲಿಲ್ಲ. ಆದರೆ ಪಂಚಾಯ್ತಿಗೆ ಕೂತಾಗ ಕನ್ನಡಕ ಏರಿಸದಿದ್ದರೆ ಅವರಿಗೆ ಬಾಯೇ ಬರುತ್ತಿರಲಿಲ್ಲ. ಹೆಣ್ಣು ನೋಡಲು ಹೋಗುವವರು, ತಾಲ್ಲೂಕು ಕಚೇರಿಗೆ ಹೋಗುವವರು ಬೆಳಗ್ಗೆಯೇ ಬಂದು ತಾತನ ಮುಂದೆ ನಿಲ್ಲುತ್ತಿದ್ದರು. "ಒಂದ್ಗಳಿಗೆ ಕನ್ನಡಕ ಕೊಡಣ್ಣೋ, ಸ್ವಲ್ಪ ತೂಕ ಬರ್ತದೆ" ಅನ್ನುತ್ತಿದ್ದರು. ತಾತನ ಕನ್ನಡಕ ಹಾಕಿಕೊಂಡರೆ ಅವರಿಗೆ ದಾರಿ ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಬೇಕಾದ ಬಾಗಿಲ ಮುಂದೆ ಮಾತ್ರ ಏರಿಸುತ್ತಿದ್ದರಂತೆ.

ಒಮ್ಮೆ ಶಿವಗಂಗೆ ಬೆಟ್ಟ ಹತ್ತುವಾಗ ಕೋತಿಯೊಂದು ತಾತನ ಕನ್ನಡಕ ಕಿತ್ತುಕೊಂಡು ಬಂಡೆ ಮೇಲೆ ಕೂತಿತು. ಊರಿಗೆಲ್ಲ ನ್ಯಾಯ ಹೇಳುವ ನಮ್ಮ ತಾತ ಕನ್ನಡಕವಿಲ್ಲದೆ ಒಂದು ಕೋತಿಗೆ ಬೈಯಲಾರದೆ ತೊದಲಿದರು. ಕೊನೆಗೆ ಸೌತೆಕಾಯಿ ಮಾರುವ ಹೆಂಗಸು ಒಂದು ಸೌತೆಕಾಯಿ ಎಸೆದು ಕನ್ನಡಕವನ್ನು ವಾಪಸ್ ಕೊಡಿಸಿದಳು. ಕನ್ನಡಕ ಮೂಗಿಗೆ ಬಂದ ಮೇಲೆ ತಾತ ಕೋತಿಗೆ ಬೈದ ಬೈಗುಳವನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ.

ಇಂಥ ಮನೆಯಲ್ಲಿ ಬೆಳೆದವಳಿಗೆ ಕನ್ನಡಕದ ಆಸೆ ಹುಟ್ಟದೆ ಇರುತ್ತದೆಯೇ? ಹೈಸ್ಕೂಲಿಗೆ ಕಣ್ಣಿನ ಡಾಕ್ಟರು ಬಂದಾಗ, ಗೋಡೆ ಮೇಲಿನ ಅಕ್ಷರಗಳನ್ನು ಬೇಕೆಂದೇ ತಪ್ಪು ತಪ್ಪಾಗಿ ಓದಿದೆ. ಡಾಕ್ಟರು ಒಂದು ಕನ್ನಡಕ ಹಾಕಿಸಿ, "ಈಗ ಹೆಂಗಮ್ಮಾ?" ಅಂದರು. "ಈಗ ಪಳಪಳ ಅಂತ ಕಾಣ್ತದೆ ಸಾರ್" ಅಂದು ಎಲ್ಲ ಸಾಲನ್ನೂ ಓದಿಬಿಟ್ಟೆ. ಅವರು ಬೆರಳನ್ನು ಫ್ರೇಮಿನೊಳಗೆ ತೂರಿಸಿ ನನ್ನ ಕಣ್ಣರೆಪ್ಪೆ ಮುಟ್ಟಿದರು. ಅದರಲ್ಲಿ ಗಾಜೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನನ್ನು ಕ್ಲಾಸಿನಲ್ಲಿ "ಪಳಪಳ" ಅಂತಲೇ ಕರೆಯುತ್ತಿದ್ದರು.

ಈಗ ಅದೇ ಕಣ್ಣಿಗೆ ನಿಜವಾದ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡು ನಾನು ಮಾಡುವ ಮುಖ್ಯ ಕೆಲಸ ಧಾರಾವಾಹಿ ನೋಡುವುದು. ನೋಡಿ ನೋಡಿ ಒಂದು ವಿಷಯ ಕಲಿತಿದ್ದೇನೆ. ಧಾರಾವಾಹಿಯವರಿಗೆ ಮುಖಕ್ಕಿಂತ ಕನ್ನಡಕ ಮುಖ್ಯ. ಹುಡುಗಿಗೆ ಅಗಲವಾದ ಕನ್ನಡಕ ಹಾಕಿದರೆ ಅವಳನ್ನು ಸದ್ಯಕ್ಕೆ ಯಾರೂ ಮೆಚ್ಚುವುದಿಲ್ಲ ಎಂದು ಅರ್ಥ. ತೆಗೆದ ದಿನ ಮೆಚ್ಚುತ್ತಾರೆ. ಚೈನಿನ ಕನ್ನಡಕ ಕೊರಳಿಗೆ ಇಳಿಬಿಟ್ಟ ಹೆಂಗಸು ಬಂದರೆ ಕಾಲೇಜಿನ ಪ್ರಿನ್ಸಿಪಾಲು, ಇಲ್ಲವೇ ಗಂಡನ ಕಡೆಯ ಸಾಹುಕಾರ್ತಿ. ಡಾಕ್ಟರು ಆಪರೇಷನ್ ಕೋಣೆಯಿಂದ ಆಚೆ ಬಂದು ನಿಧಾನಕ್ಕೆ ಕನ್ನಡಕ ತೆಗೆದರೆ ಮುಗಿಯಿತು, ಒಳಗಿನವರು ಹೋದರು. ನಾನು ನಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದರೂ ಎದೆ ಹಿಡಿದುಕೊಳ್ಳುತ್ತೇನೆ. ಪಾತ್ರ ಮಾಡುವವರು ಮಧ್ಯದಲ್ಲಿ ಬದಲಾದರೂ ಚಿಂತೆಯಿಲ್ಲ. ಹೊಸಬರ ಮೂಗಿಗೆ ಹಳೇ ಕನ್ನಡಕ ಏರಿಸಿದರೆ ಎರಡು ದಿನದಲ್ಲಿ ನಮಗೆ ಒಗ್ಗಿಹೋಗುತ್ತದೆ.

ಸರಿ, ಬಸ್ಸು ನಮ್ಮೂರಿಗೆ ಬಂತು.

ನಾನು ಸೇರಿದ್ದು ತೂಬಗೆರೆ ಪಕ್ಕದ ಹಳ್ಳಿ. ಯಜಮಾನರ ಹೆಸರು ರಾಮಾಂಜಿನಪ್ಪ. ಊರಿನ ಹಾಲಿನ ಡೈರಿಗೆ ಸೆಕ್ರೆಟರಿ. ಒಂದಿಷ್ಟು ದ್ರಾಕ್ಷಿ, ಒಂದಿಷ್ಟು ರಾಗಿ. ಮಗಳನ್ನು ಹೊಸಕೋಟೆಗೆ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ ಅಕ್ಕಯ್ಯಮ್ಮ, ಮೂವರೇ. ಯಜಮಾನರಿಗೆ ಮದುವೆಗೆ ಮುಂಚಿನಿಂದಲೂ ಕಾಫಿಪುಡಿ ಬಣ್ಣದ ದಪ್ಪ ಫ್ರೇಮಿನ ಕನ್ನಡಕ. ಗಾಜು ಬದಲಾದರೂ ಫ್ರೇಮು ಬದಲಾಗಲಿಲ್ಲ. ಗಾಜಿನ ಪವರಿಗೆ ಹಿಂದಿನ ಕಣ್ಣುಗಳು ಸಾಸಿವೆ ಕಾಳಾಗಿ ಕಾಣುತ್ತಿದ್ದವು. ಬಗ್ಗಿ ಹಾಲಿನ ಡಿಗ್ರಿ ನೋಡುವಾಗ ಅದು ಮೂಗಿನ ತುದಿಗೆ ಜಾರುತ್ತಿತ್ತು. ಆ ಕನ್ನಡಕದ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಊರಿನವರಿಗೆಲ್ಲ ನಂಬಿಕೆ.

ಡೈರಿ ಎದುರಿಗೇ ಪಟೇಲರ ಹಳೇ ತೊಟ್ಟಿಮನೆ. ಪಟೇಲರ ಮಕ್ಕಳು ದೊಡ್ಡಬಳ್ಳಾಪುರದಲ್ಲಿದ್ದಾರೆ. ಒಂದು ದಿನ ಆ ಮನೆಗೆ ವ್ಯಾನುಗಳು, ದೀಪಗಳು, ಛತ್ರಿಗಳು ಬಂದವು. ಸಂಜೆ ಏಳಕ್ಕೆ ಬರುವ ಧಾರಾವಾಹಿಯ ಶೂಟಿಂಗು ಎಂದರು. ಊರಿಗೆ ಊರೇ ಗೋಡೆ ಹತ್ತಿತು. ಆಕಾಶದಲ್ಲಿ ದೇವನಹಳ್ಳಿಯ ವಿಮಾನಗಳು ಹೋದಾಗಲೆಲ್ಲ ಶೂಟಿಂಗು ನಿಲ್ಲುತ್ತಿತ್ತು. ಆಗ ಸೌಂಡಿನವನು ಮೇಲೆ ನೋಡಿ ಶಾಪ ಹಾಕುತ್ತಿದ್ದ. ಬರೀ ವಿಮಾನಗಳೇ ಹಾರುವ ಊರಿನಲ್ಲಿ ಹಿಂದಿನ ಕಾಲದ ಕಥೆ ತೆಗೆಯಲು ಬಂದವನ ತಪ್ಪೇ ಹೊರತು ವಿಮಾನದ್ದೇನು?

ಕಥೆಯಲ್ಲಿ ಶೇಷಪ್ಪ ಎಂಬ ಗುಮಾಸ್ತ ಬರುತ್ತಾನೆ. ಆ ಪಾತ್ರ ಮಾಡುವವರು ಮೊದಲ ದಿನವೇ ತಮಗೆ ಕೊಟ್ಟಿದ್ದ ಕನ್ನಡಕದ ಮೇಲೆ ಕೂತುಬಿಟ್ಟರು. ಕಂಪನಿಯವರು ಪರದಾಡುತ್ತಿದ್ದಾಗ ಡೈರೆಕ್ಟರ ಕಣ್ಣಿಗೆ ಎದುರು ಡೈರಿಯಲ್ಲಿ ಹಾಲಳೆಯುತ್ತಿದ್ದ ನಮ್ಮವರು ಬಿದ್ದರು.

"ಸಾರ್, ಒಂದೇ ಒಂದು ಸೀನು. ಅರ್ಧ ಗಂಟೇಲಿ ವಾಪಸ್ ಕೊಡ್ತೀವಿ."

ನಮ್ಮವರು ಕೇಳಿದವರಿಗೆ ಇಲ್ಲ ಎನ್ನಲಾರರು. ಕೊಟ್ಟರು. ಅರ್ಧ ಗಂಟೆ ಕಳೆಯಿತು, ಒಂದು ದಿನ ಕಳೆಯಿತು. ಮರುದಿನ ಡೈರೆಕ್ಟರೇ ಮನೆಗೆ ಬಂದರು. "ಸಾರ್, ನಿಮ್ಮ ಕನ್ನಡಕದಿಂದ ಪಾತ್ರ ಎದ್ದು ಕೂತ್ಬಿಡ್ತು. ಚಾನೆಲ್‌ನೋರು ನೋಡಿ ಕುಣೀತಿದಾರೆ. ಈಗ ಅದೇ ಕನ್ನಡಕ ಕೊನೇ ತನಕ ಬೇಕು. ಇಲ್ಲಾಂದ್ರೆ ಕಂಟಿನ್ಯೂಟಿ ಹೋಗುತ್ತೆ" ಅಂದರು. ಕಂಟಿನ್ಯೂಟಿ ಅಂದರೆ, ಒಂದು ಸಲ ಟೀವಿಯಲ್ಲಿ ಕಾಣಿಸಿಕೊಂಡ ವಸ್ತು ಕಥೆ ಮುಗಿಯುವವರೆಗೂ ಹಾಗೇ ಇರಬೇಕಂತೆ. ಬದಲಿಗೆ ನಮ್ಮವರನ್ನು ದೊಡ್ಡಬಳ್ಳಾಪುರದ ಕನ್ನಡಕದಂಗಡಿಗೆ ಕರೆದುಕೊಂಡು ಹೋಗಿ ಈ ಫ್ರೇಮಿಲ್ಲದ್ದನ್ನು ಮಾಡಿಸಿಕೊಟ್ಟರು.

ಡೈರಿಯಲ್ಲಿ ಹಾಲು ಹಾಕುವವರು ಆಡಿಕೊಂಡಿದ್ದೇ ಆಡಿಕೊಂಡಿದ್ದು. "ಏನ್ ಗುರು ರಾಮಾಂಜಿನಪ್ಪ, ಮೀಸೆ ಬೋಳಿಸ್ದಂಗೈತಲ್ಲ ಮಖ!" "ಸೆಕ್ರೆಟ್ರಿ ಎಲ್ಲವ್ನೆ, ಯಾರಣ್ಣ ನೀನು?" ಯಜಮಾನರು ನಗುತ್ತಿದ್ದರು. ನನಗೂ ಮೊದಮೊದಲು ಬೇರೆ ಯಾರೋ ಊಟಕ್ಕೆ ಕೂತ ಹಾಗೆ ಸಂಕೋಚವಾಗುತ್ತಿತ್ತು. ಗಂಡ ಹೆಂಡತಿ ಜಗಳ ಆಡುವಾಗ ಇನ್ನೂ ಕಷ್ಟ. ಬೈಯಬೇಕೆಂದು ತಲೆ ಎತ್ತಿದರೆ ಎದುರಿಗೆ ಬ್ಯಾಂಕ್ ಮ್ಯಾನೇಜರು.

ಇನ್ನು ಟೀವಿಯ ಶೇಷಪ್ಪ. ಹೇಳಿದರೆ ನಂಬುವುದಿಲ್ಲ, ಅವನು ಆ ಕನ್ನಡಕ ಜಾರಿಸಿಕೊಂಡು, ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ ನೋಡಿದರೆ ಎಂಥ ವಿಧೇಯ ಗುಮಾಸ್ತ ಎನ್ನಿಸುತ್ತಿತ್ತು. ಮೊದಲಿಗೆ ಒಳ್ಳೆಯವನೇ. ಮನೆಯೊಡತಿ ದೊಡ್ಡಮ್ಮನಿಗೆ ಬಲಗೈ. ಆಮೇಲೆ ಕಥೆ ತಿರುಗಿತು. ಆಸ್ತಿಯ ಆಸೆಗೆ ಬಿದ್ದ ಶೇಷಪ್ಪ ಆ ಮನೆಯ ಬಸುರಿ ಸೊಸೆಯ ಮೇಲೆ ಇಲ್ಲದ ಅಪವಾದ ಹೊರಿಸಿದ. ಒಂದು ಸೋಮವಾರ ಸುರಿಯುವ ಮಳೆಯಲ್ಲಿ ಅವಳ ರಟ್ಟೆ ಹಿಡಿದು ಹೊಸ್ತಿಲಾಚೆ ನೂಕಿ ಬಾಗಿಲು ಹಾಕಿದ. ಆಮೇಲೆ ಶಲ್ಯದ ತುದಿಯಿಂದ ಕನ್ನಡಕ ಒರೆಸಿಕೊಂಡ.

ನಾನು "ಅಯ್ಯೋ ಪಾಪಿ" ಅಂದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಟೀವಿಯ ಹತ್ತಿರಕ್ಕೆ ಜರುಗಿದರು.

ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ವಯಸ್ಸು ಎಂಬತ್ತು ದಾಟಿದೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಡಾಕ್ಟರು ಕೈ ಹಾಕಲಿಲ್ಲ. ಮುಖ ಸ್ಪಷ್ಟ ಕಾಣುವುದಿಲ್ಲ, ಆಕಾರ ಕಾಣುತ್ತದೆ. ನೆನಪು ಒಂದೊಂದು ದಿನ ಗಟ್ಟಿ, ಒಂದೊಂದು ದಿನ ಸಡಿಲ. ಮಾತು ಮಾತ್ರ ಎಲ್ಲ ದಿನವೂ ಗಟ್ಟಿ. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಸಾಕಿದವರು. ನನಗೂ ಅವರಿಗೂ ಸಾರಿನ ಉಪ್ಪಿನಿಂದ ಹಿಡಿದು ಎಲ್ಲದಕ್ಕೂ ಜಟಾಪಟಿ. ಆದರೆ ರಾತ್ರಿ ಊಟದ ಹೊತ್ತಿಗೆ ತಾಯಿ ಮಗನ ಮಧ್ಯೆ ನಾನೂ ಹೋಗುತ್ತಿರಲಿಲ್ಲ. ಬಚ್ಚಲಲ್ಲಿ ಬಿದ್ದು ಬಲಗೈ ಮುರಿದ ಮೇಲೆ ಅತ್ತೆಗೆ ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಯಜಮಾನರು ಡೈರಿ ಮುಗಿಸಿ ಎಂಟು ಗಂಟೆಗೆ ಬಂದು, ಕೈ ತೊಳೆದು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತುತ್ತು ಕೊಡುತ್ತಿದ್ದರು.

ಆ ಸೋಮವಾರವೂ ಹಾಗೇ ಕೂತರು. ತುತ್ತು ಎತ್ತಿದರು. ಅತ್ತೆ ಬಾಯಿ ತೆರೆಯಲಿಲ್ಲ.

"ಯಾಕವ್ವ, ಹೊಟ್ಟೆ ಸರಿಗಿಲ್ವಾ?"

"ಬಸ್ರಿ ಹೆಣ್ಣುಮಗೀನ ಮಳೇಲಿ ಆಚೆ ನೂಕಿದ ಕೈ ಅದು. ತಗಿ ಅತ್ಲಾಗೆ."

ನಾವಿಬ್ಬರೂ ನಕ್ಕುಬಿಟ್ಟೆವು. ಅತ್ತೆ ನಗಲಿಲ್ಲ.

"ಏನ್ ನಗ್ತಿದೀರಾ? ನಂಗೆ ಕಣ್ ಕಾಣಲ್ಲ ಅನ್ಕೊಂಡ್ರಾ? ಪಟೇಲ್ರ ಮನೆ ಕಂಬ ನಂಗೊತ್ತಿಲ್ವಾ? ನನ್ ಮಗನ್ ಕನ್ನಡ್ಕ ನಂಗೊತ್ತಿಲ್ವಾ? ಅಲ್ಲಿ ಆ ಕನ್ನಡ್ಕ ಹಾಕ್ಕೊಂಡು ಅನ್ಯಾಯ ಮಾಡಿ, ಇಲ್ಲಿ ಈ ಗಾಜು ಹಾಕ್ಕೊಂಡು ಏನೂ ಅರೀದೋನಂಗೆ ಬಂದ್ರೆ ಗೊತ್ತಾಗಲ್ವೇನೋ ರಾಮಾಂಜಿ?"

ಆಗ ನನಗೆ ವಿಷಯ ತಲೆಗೆ ಹೋಯಿತು. ನೋಡಿ, ಅವರ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಮನೆ ನಮ್ಮೂರಿನ ಪಟೇಲರ ಮನೆಯೇ. ಕನ್ನಡಕ ಅವರ ಮಗನದ್ದೇ. ಧಾರಾವಾಹಿ ಬರುವ ಏಳು ಗಂಟೆಗೆ ಸರಿಯಾಗಿ ಮಗ ಮನೆಯಲ್ಲಿರುವುದಿಲ್ಲ, ಪಟೇಲರ ಮನೆ ಕಡೆಗೇ ಹೋಗಿರುತ್ತಾನೆ. ಮುಗಿದ ಮೇಲೆ ಬೇರೆ ಕನ್ನಡಕದಲ್ಲಿ ಮನೆಗೆ ಬರುತ್ತಾನೆ. ಇಷ್ಟು ಸಾಕ್ಷಿಗೆ ಯಾವ ಕೋರ್ಟಾದರೂ ಶಿಕ್ಷೆ ಕೊಡುತ್ತದೆ.

"ಗಂಟ್ಲು ಬೇರೆ ಅಲ್ವಾ ಅತ್ತೆ? ಅದು ಇವರ ಗಂಟ್ಲಾ?" ಅಂದೆ.

"ಮೈಕಲ್ಲಿ ಎಲ್ಲಾರ್ ಗಂಟ್ಲೂ ಬದ್ಲಾಗ್ತದೆ. ಡೈರಿ ಮೈಕಲ್ಲಿ ಕೂಗ್ದಾಗ ಇವ್ನ್ ಗಂಟ್ಲು ಇವ್ನಂಗೆ ಕೇಳ್ತದಾ?"

ಕೇಳುವುದಿಲ್ಲ, ನಿಜ. ಮಾರನೇ ಸಂಜೆ ಯಜಮಾನರು ಡೈರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಏಳು ಗಂಟೆಗೆ ಅವ್ವನ ಪಕ್ಕದಲ್ಲೇ ಕೂತರು. ಟೀವಿಯಲ್ಲಿ ಶೇಷಪ್ಪ ಬಂದ. "ನೋಡವ್ವ, ನಾನಿಲ್ಲೇ ಇವ್ನಿ. ಅವನು ಅಲ್ಲವ್ನೆ. ಒಬ್ಬನೇ ಎರಡು ಕಡೆ ಹೆಂಗಿರ್ತಾನೆ?" ಅಂತ ಅವ್ವನ ಕೈ ಹಿಡಿದುಕೊಂಡರು.

ಅತ್ತೆ ಕೈ ಬಿಡಿಸಿಕೊಂಡರು. "ನಿನ್ ಮದ್ವೆ ಕ್ಯಾಸೆಟ್ಟಲ್ಲಿ ನೀನು ತಾಳಿ ಕಟ್ಟೋದ್ನ ನೀನೇ ಕಾಲ್ ಚಾಚ್ಕೊಂಡು ನೋಡ್ಲಿಲ್ವೇನೋ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಹೇಳಿ.

ಅಂದಿನಿಂದ ಅತ್ತೆ ಮಗನ ಕೈಯ ತುತ್ತು ಮುಟ್ಟಲಿಲ್ಲ. ನಾನು ಕೊಟ್ಟರೂ ಎರಡು ತುತ್ತಿಗೆ ಸಾಕು ಅನ್ನುತ್ತಿದ್ದರು. ಹಾಲು, ಒಂದು ಬನ್ನು, ಅಷ್ಟೇ. ನನ್ನ ಮೇಲೆ ಮಾತ್ರ ಎಲ್ಲಿಲ್ಲದ ಅಕ್ಕರೆ ಬಂತು. "ಅವ್ನೇನಾದ್ರೂ ಕೈ ಎತ್ತುದ್ರೆ ನಂಗೇಳು ರತ್ನಾ" ಅನ್ನುತ್ತಿದ್ದರು. ಜೀವಮಾನದಲ್ಲಿ ಸೊಳ್ಳೆಗೆ ಬಿಟ್ಟು ಇನ್ಯಾರ ಮೇಲೂ ಕೈ ಎತ್ತದ ಮನುಷ್ಯ ಪಕ್ಕದಲ್ಲಿ ಕೂತು ಇದನ್ನು ಕೇಳಿಸಿಕೊಳ್ಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅತ್ತೆ ನನ್ನ ಪಕ್ಷಕ್ಕೆ ಬಂದದ್ದು ಮೊದಲ ಎರಡು ದಿನ ಹಿತವಾಗಿಯೇ ಇತ್ತು. ಆಮೇಲೆ ಅವರು ಗೋಡೆ ಹಿಡಿದುಕೊಂಡು ಎದ್ದು ನಿಲ್ಲುವುದನ್ನು ನೋಡಿ ಹೆದರಿಕೆಯಾಯಿತು. ನರ್ಸಮ್ಮ ಬಂದು ನೋಡಿ, "ಕಾಯ್ಲೆ ಏನಿಲ್ಲ, ಊಟ ಸೇರ್ಬೇಕು, ಇಲ್ಲಾಂದ್ರೆ ಕಷ್ಟ" ಅಂದಳು. ಟೀವಿ ಆರಿಸಿಟ್ಟೆವು. "ಆ ಮಗು ಏನಾಯ್ತು ಅಂತ ನೋಡ್ಬಾರ್ದಾ ನಾನು?" ಎಂದು ಅತ್ತರು. ಮತ್ತೆ ಹಾಕಿದೆವು.

ಒಂದು ರಾತ್ರಿ ಮಗನನ್ನು ಹತ್ತಿರ ಕರೆದು ಮೆತ್ತಗೆ ಹೇಳಿದರು. "ತಪ್ಪು ಎಲ್ಲಾರೂ ಮಾಡ್ತಾರೆ ಕಣಪ್ಪ. ಒಪ್ಕೊ. ಪಟೇಲ್ರ ಮನೇರು ಸೇರಿಸ್ಕೊಳ್ದಿದ್ರೆ ಬ್ಯಾಡ, ಆ ಮಗೀನ ನಮ್ಮನೇಗೆ ಕರ್ಕೊಂಡು ಬಾ. ಬಾಣಂತನ ನಾನ್ ಮಾಡ್ತೀನಿ."

ಯಜಮಾನರು ಹಿತ್ತಲಿಗೆ ಹೋಗಿ ನಿಂತರು. ನಾನು ಹೋಗಿ ನೋಡಿದರೆ ಆ ಫ್ರೇಮಿಲ್ಲದ ಕನ್ನಡಕ ಕೈಯಲ್ಲಿತ್ತು, ಕಣ್ಣು ಒದ್ದೆಯಾಗಿತ್ತು. "ಊರೆಲ್ಲ ಏನಾದ್ರೂ ಅನ್ಲಿ ರತ್ನಾ. ನಮ್ಮವ್ವ ಹಂಗನ್ಕೊಂಡೇ ಹೋಗ್ಬಿಟ್ರೆ?" ಅಂದರು.

ಮರುದಿನವೇ ಡೈರೆಕ್ಟರಿಗೆ ಫೋನು ಮಾಡಿದೆವು. ಈಗ ಶೂಟಿಂಗು ನೆಲಮಂಗಲದ ಕಡೆ ಒಂದು ದೊಡ್ಡ ಶೆಡ್ಡಿನಲ್ಲಿ ನಡೆಯುತ್ತಿದೆ, ಬನ್ನಿ ಅಂದರು. ಬಸ್ಸು ಹಿಡಿದು ಇಬ್ಬರೂ ಹೋದೆವು. ಶೆಡ್ಡಿನೊಳಗೆ ಪಟೇಲರ ಮನೆಯ ಪಡಸಾಲೆಯನ್ನೇ ಪ್ಲೈವುಡ್ಡಿನಲ್ಲಿ ಕಟ್ಟಿದ್ದರು. ಕಂಬಕ್ಕೆ ಬೆರಳು ತಾಕಿಸಿದರೆ ಬಣ್ಣ ಅಂಟಿತು. ಡೈರೆಕ್ಟರು ಒಳ್ಳೆಯ ಹುಡುಗ, ಕುರ್ಚಿ ಹಾಕಿಸಿ ಕಾಫಿ ಕೊಟ್ಟರು. ನಾನೇ ಮಾತು ತೆಗೆದೆ.

"ಆ ಹುಡ್ಗೀನ ಬೇಗ ಮನೆಗೆ ಸೇರಿಸ್ಕೊಂಡ್ಬಿಡಿ ಸಾರ್. ನಮ್ಮತ್ತೆ ಊಟ ಬಿಟ್ಟವ್ರೆ."

"ಅಮ್ಮಾ, ಆ ಹುಡುಗಿ ವಾಪಸ್ ಬರೋದು ಮಗು ಹುಟ್ಟಿ, ಅದು ಸ್ಕೂಲಿಗೆ ಸೇರಿದ್ಮೇಲೆ. ಕಥೆ ಅಲ್ಲೀವರ್ಗೂ ಓಕೆ ಆಗೋಗಿದೆ."

"ಹಂಗಾದ್ರೆ ಶೇಷಪ್ಪಂಗೆ ಬೇರೆ ಕನ್ನಡಕ ಹಾಕಿ."

ಡೈರೆಕ್ಟರು ತಲೆ ಕೆರೆದುಕೊಂಡರು. "ಬೇಕಾದ್ರೆ ಆ್ಯಕ್ಟರ್ನೇ ಬದಲಾಯಿಸ್ಬೋದು ಅಮ್ಮಾ. ಕನ್ನಡಕ ಬದಲಾಯಿಸಿದ್ರೆ ಶೇಷಪ್ಪನೇ ಇರಲ್ಲ. ಆದ್ರೆ ನೀವು ಚಿಂತೆ ಮಾಡ್ಬೇಡಿ, ಇವತ್ತು ಅವನ ಕೊನೇ ಸೀನು. ಪೊಲೀಸ್ ಹಿಡ್ಕೊಂಡು ಹೋಗ್ತಾರೆ. ಮುಗಿದ್ಮೇಲೆ ಕನ್ನಡಕ ನಿಮ್ದು."

ನಾವು ಮೂಲೆಯಲ್ಲಿ ಕೂತು ನೋಡಿದೆವು. ಖಾಕಿ ಹಾಕಿದ ಇಬ್ಬರು ಶೇಷಪ್ಪನ ರಟ್ಟೆ ಹಿಡಿದರು. ಅವನು ನಮ್ಮವರ ಕನ್ನಡಕದೊಳಗಿಂದ ಎಲ್ಲರನ್ನೂ ಒಂದು ಸಲ ನೋಡಿ, ಹೊಸ್ತಿಲ ಮೇಲೆ ಕಾಲಿನಿಂದ ತಡಕಿ ತಡಕಿ ದಾಟಿ ಹೋದ. ಎಂಥ ಕಪಟಿಯ ನಡಿಗೆ ಅಂದುಕೊಂಡೆ. ನನಗೇ ಒಂದು ಗಳಿಗೆ ಯಜಮಾನರ ತೋಳು ಹಿಡಿದು ಪಕ್ಕದಲ್ಲಿದ್ದಾರೆಯೇ ಎಂದು ನೋಡುವ ಹಾಗಾಯಿತು.

ಕಟ್ ಅಂದ ಕೂಡಲೇ ಶೇಷಪ್ಪನವರು ಕನ್ನಡಕ ತೆಗೆದರು. ಎದುರಿಗೆ ನಿಂತದ್ದು ಬೇರೆಯೇ ಮನುಷ್ಯ. ದುಂಡು ಮುಖ, ದೊಡ್ಡ ದೊಡ್ಡ ಕಣ್ಣು, ಮದುವೆಮನೆಯಲ್ಲಿ ಎಲ್ಲರನ್ನೂ ಊಟಕ್ಕೆ ಕರೆಯುವವರ ಥರ. ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ಯಜಮಾನರಿಗೆ ಕೊಟ್ಟರು.

"ನಿಮ್ಮ ಪವರ್ ಏನ್ ಸಾರ್ ಇದು! ಹಾಕ್ಕೊಂಡ್ರೆ ನಂಗೇನೂ ಕಾಣ್ತಿರ್ಲಿಲ್ಲ. ಎದುರಿಗಿರೋರು ಯಾರು ಅಂತ ಕಣ್ಣು ಕಿರಿದು ಮಾ‌ಡ್ಕೊಂಡು ನೋಡ್ತಿದ್ದೆ, ಜನ ಅದ್ನ ಕುತಂತ್ರ ಅಂದ್ರು. ಬೀಳ್ತೀನೇನೋ ಅಂತ ಕಾಲು ತಡಕಾಡ್ತಿದ್ದೆ, ಅದ್ಕೆ ಚಪ್ಪಾಳೆ ಬಂತು. ಇಷ್ಟು ವರ್ಷ ನಾಟಕ ಆಡಿದೀನಿ, ಹೆಸರು ಬಂದಿದ್ದು ಕಣ್ಣು ಕಾಣ್ದೇ ಹೋದ್ಮೇಲೆ."

ನಮ್ಮ ಕಥೆ ಕೇಳಿ ಅವರ ಮುಖ ಸಣ್ಣದಾಯಿತು. "ಈಗ್ಲೇ ಬಂದು ತಾಯಿ ಕಾಲಿಗೆ ಬೀಳ್ತಿದ್ದೆ. ನನ್ನ ಮಗಳಿಗೆ ಹೆರಿಗೆ ನೋವಂತೆ, ಸಂಜೆ ಬಸ್ಸಿಗೆ ಊರಿಗೆ ಹೋಗ್ಲೇಬೇಕು" ಅಂದರು. ಹೋಗಬೇಡಿ ಎಂದು ಹೇಗೆ ಅನ್ನುವುದು?

ಮೇಕಪ್ಪಿನ ಅಂಟು ಮೆತ್ತಿ ಕನ್ನಡಕದ ಕಡ್ಡಿ ಬಿಗಿಯಾಗಿತ್ತು, ಗಾಜು ಗೀರಾಗಿತ್ತು. ದೊಡ್ಡಬಳ್ಳಾಪುರದ ಅಂಗಡಿಗೆ ಕೊಟ್ಟೆವು. ರಿಪೇರಿಯಾದದ್ದನ್ನು ತರಲು ಯಜಮಾನರು ಹೋಗಿದ್ದ ದಿನವೇ ಟೀವಿಯಲ್ಲಿ ಶೇಷಪ್ಪ ಅರೆಸ್ಟಾದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನೋಡಿದರು. ಪೊಲೀಸಿನವರು ಅವನನ್ನು ಜೀಪಿಗೆ ಹತ್ತಿಸಿದಾಗ, "ಹೊಡೀಬ್ಯಾಡ್ರಪ್ಪೋ, ನನ್ ಮಗ್ನ" ಎಂದು ಟೀವಿಗೆ ಕೈ ಮುಗಿದರು. ಅಷ್ಟು ದಿನ ಬೈದ ಬಾಯಿ ಅದೇ. ನನಗೆ ಅವರ ಮುಖ ನೋಡಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟೆ.

ಎಂಟು ಗಂಟೆಗೆ ಯಜಮಾನರು ಬಂದರು. ಮೂಗಿನ ಮೇಲೆ ಕಾಫಿಪುಡಿ ಬಣ್ಣದ ಕನ್ನಡಕ. ಏನು ಹೇಳಬೇಕೆಂದು ಬಸ್ಸಿನಲ್ಲೆಲ್ಲ ಪಾಠ ಮಾಡಿಕೊಂಡು ಬಂದಿದ್ದರು. ನೋಡವ್ವ, ಇದು ನನ್ನದು. ಅವರಿಗೆ ಎರವಲು ಕೊಟ್ಟಿದ್ದೆ. ಅವರು ಬೇರೆ, ನಾನು ಬೇರೆ. ಇಷ್ಟೇ.

ಅತ್ತೆ ಆ ಆಕಾರವನ್ನು ಬಾಗಿಲಲ್ಲಿ ಕಂಡರು. ಗೋಡೆ ಹಿಡಿದು ಎದ್ದು ನಿಂತರು.

"ಬಿಟ್ಬಿಟ್ರಾ ರಾಮಾಂಜಿ?"

ಯಜಮಾನರು ಬಾಯಿ ತೆರೆದರು. ರವಿಕೆ ತೋಳಿನೊಳಗೆ ಅವ್ವನ ಕೈ ಕಡ್ಡಿಯಾಗಿತ್ತು. ಅವರು ಅದನ್ನೇ ನೋಡುತ್ತಾ ನಿಂತರು. 

"ಹೂಂ ಕಣವ್ವ. ಬಿಟ್ರು."

"ಹೊಡುದ್ರಾ?"

"ಇಲ್ಲ ಕಣವ್ವ."

"ತಪ್ಪು ಒಪ್ಕೊಂಡ್ಯಾ?"

"ಒಪ್ಕೊಂಡೆ. ತಪ್ಪಾಯ್ತು ಕಣವ್ವ" ಎಂದು ಆ ಮನುಷ್ಯ ಅಲ್ಲೇ ನೆಲಕ್ಕೆ ಬಗ್ಗಿ ತಾಯಿಯ ಕಾಲು ಹಿಡಿದುಕೊಂಡರು. ಒಂದು ಲೋಟ ಹಾಲಿನ ಲೆಕ್ಕ ತಪ್ಪಿದರೂ ನಿದ್ದೆ ಮಾಡದವರು, ಮಾಡದ ತಪ್ಪಿಗೆ ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಅವರ ತಲೆ ಸವರಿದರು, ಕನ್ನಡಕ ಮುಟ್ಟಿ ನೋಡಿದರು.

"ಆ ಮಗು ಎಲ್ಲಿ? ಕರ್ಕೊಂಡು ಬಂದ್ಯಾ?"

ಇದಕ್ಕೆ ಯಾರೂ ಪಾಠ ಮಾಡಿಕೊಂಡಿರಲಿಲ್ಲ. ಯಜಮಾನರು ಅಡುಗೆಮನೆ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದರು. ಆ ಸಾಸಿವೆ ಕಾಳಿನಂಥ ಕಣ್ಣುಗಳಲ್ಲಿ ಏನಿತ್ತೆಂದು ನನಗೆ ಅರ್ಥವಾಯಿತು. ಹಿತ್ತಲ ಬಾಗಿಲಿಂದ ಆಚೆ ಹೋಗಿ, ಮನೆ ಸುತ್ತಿಕೊಂಡು ಬಂದು, ತಲೆ ಮೇಲೆ ಸೆರಗು ಹೊದ್ದು ಮುಂಬಾಗಿಲಲ್ಲಿ ನಿಂತೆ. ಮಗಳ ಮದುವೆ ಮಾಡಿರುವ ಹೆಂಗಸು ಚೊಚ್ಚಲ ಬಸುರಿಯ ಹಾಗೆ ನಿಂತಿದ್ದೆ. ಮಾತಾಡಿದರೆ ಗುರುತು ಸಿಕ್ಕಿಬಿಡುತ್ತದೆ ಎಂದು ತುಟಿ ಬಿಚ್ಚಲಿಲ್ಲ.

"ಬಂದವ್ಳೆ ಕಣವ್ವ" ಅಂದರು ಯಜಮಾನರು.

ಅತ್ತೆ ತಡಕುತ್ತಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಒಳಕ್ಕೆ ಎಳೆದುಕೊಂಡರು. ಅಂಗೈಯನ್ನು ತಿರುಗಿಸಿ, ತಮ್ಮ ಹೆಬ್ಬೆರಳಿನಿಂದ ನಿಧಾನಕ್ಕೆ ಸವರಿದರು.

"ಅಯ್ಯೋ ನನ್ ಕಂದ, ಕೈಯೆಲ್ಲ ಹೆಂಗೆ ಒರಟಾಗೈತೆ! ಎಷ್ಟು ದುಡಿಸ್ಕೊಂಡವ್ರೆ ನಿನ್ನ ಆ ಮನೇರು! ಇನ್ಮೇಲೆ ನೀನೇನೂ ಮಾಡ್ಬ್ಯಾಡ. ಇದು ನಿನ್ ಮನೆ ತಾಯಿ. ಕೂತ್ಕೊ."

ಈ ಮನೆಗೆ ಬಂದು ಇಷ್ಟು ವರ್ಷವಾಯಿತು. ಆ ಬಾಯಿಂದ ಏನೆಲ್ಲ ಕೇಳಿದ್ದೇನೆ, ಈ ಮಾತು ಮಾತ್ರ ಕೇಳಿರಲಿಲ್ಲ. ತಡೆಯಲಾಗದೆ ಜೋರಾಗಿ ಅತ್ತುಬಿಟ್ಟೆ. ಅತ್ತೆ ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, ಚಾಪೆಯ ಮೇಲೆ ಕೂರಿಸಿದರು. ಆಮೇಲೆ ಅಡುಗೆಮನೆ ಕಡೆಗೆ ತಿರುಗಿ ಗಂಟಲೆತ್ತಿ ಕೂಗಿದರು.

"ಲೇ ರತ್ನಾ, ಎಲ್ಲಿ ಸತ್ತೆ? ತಟ್ಟೆ ಹಾಕು ಬಾರೇ, ಮಗು ಹಸ್ಕೊಂಡೈತೆ!"

"ಬಂದೆ ಅತ್ತೆ" ಎಂದು ಎದ್ದು ಒಳಗೆ ಹೋದೆ. ನಾಲ್ಕು ತಟ್ಟೆ ಹಾಕಿದೆ. ಯಜಮಾನರು ಕೈ ತೊಳೆದು ಬಂದು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು. ಅತ್ತೆ ಬಾಯಿ ತೆರೆದರು.